ಟೈಪ್ ಮಾಡದೆ ಬಿಟ್ಟ ಸಾಲು

ಉಚ್ಚಿಲ, ೧೯೮೪

ಅಣ್ಣಾ,

ಇವತ್ತು ನಿನ್ನ ದೋಣಿಯ ಜೊತೆಗಾರ ದೇಜಪ್ಪಣ್ಣನ ಹೆಂಡತಿ ಪುಷ್ಪಾವತಿ ಬಂದಿದ್ದರು. ಕೈಯಲ್ಲಿ ನೀನು ಕತ್ತರಿಸಿಟ್ಟುಕೊಂಡಿದ್ದ ಅದೇ ಪೇಪರ್ ತುಂಡು. ‘ನಮ್ಮ ತಂಗಿಯೇ ಟೈಪ್ ಮಾಡಿದ ವರದಿ’ ಎಂದು ಊರಿಗೆಲ್ಲ ತೋರಿಸುತ್ತಿದ್ದೆಯಲ್ಲ, ಅದು. ನೀನು ಕುಡಿದು ಕುಡಿದು ತೀರಿಹೋದ ಮೇಲೆ ದೇಜಪ್ಪಣ್ಣ ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾರಂತೆ.

“ದಿನಾ ಸ್ವಲ್ಪ ಕುಡಿದರೆ ಎದೆಗೆ ಒಳ್ಳೆಯದು ಅಂತ ಇದರಲ್ಲಿ ಉಂಟು. ರಕ್ತ ವಾಂತಿಯಾದರೂ ಇವರು ಬಿಡುವುದಿಲ್ಲ. ಇದು ನಿಜವಾ?”

ಎರಡು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. “ಆ ಸಂಶೋಧನೆಗೆ ದುಡ್ಡು ಕೊಟ್ಟದ್ದು ಸಾರಾಯಿ ಕಂಪೆನಿ.”

ಅವರು ಪೇಪರ್ ತಿರುಗಿಸಿ ನೋಡಿದರು. “ಹಾಗಂತ ಇದರಲ್ಲಿ ಇಲ್ವಲ್ಲ?”

“ನಾನು ಟೈಪ್ ಕೆಲಸಕ್ಕಿದ್ದ ಡಾಕ್ಟರರ ಕರಡಿನಲ್ಲಿ ಇತ್ತು. ಆಮೇಲೆ ಆ ಸಾಲು ಬಿಟ್ಟು ಟೈಪ್ ಮಾಡು ಎಂದರು. ಕೆಲಸ ಹೋದೀತೆಂದು ಬಿಟ್ಟೆ.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಈಗಲೇ ಗಂಡನಿಗೆ ಹೇಳುತ್ತೇನೆ ಎಂದು ಎದ್ದವರು ಬಾಗಿಲಲ್ಲಿ ನಿಂತರು.

“ನಿಮ್ಮ ಅಣ್ಣನಿಗೆ, ಕಿಟ್ಟಣ್ಣನಿಗೆ, ಇದು ಗೊತ್ತಿತ್ತಾ?”

“ಗೊತ್ತಿತ್ತು,” ಎಂದುಬಿಟ್ಟೆ ಅಣ್ಣಾ. ಅವರ ಮುಖ ನೋಡಲಾಗದೆ ಹಾಗೆಂದೆ. ಅವರ ಹಿಂದೆ ಓಡಿ ಹೋಗಿ ‘ಸುಳ್ಳು, ಅಣ್ಣನಿಗೂ ನಾನು ಹೇಳಿರಲಿಲ್ಲ’ ಎನ್ನಬೇಕಿತ್ತು. ಬಾಗಿಲು ಹಾಕಿಕೊಂಡು ನಿನಗೆ ಬರೆಯಲು ಕೂತೆ.

ರತ್ನಾವತಿ