ಪರವಾನಗಿ ಇದ್ದ ಕಪ್ತಾನ

ಕೆಂಟನ್, ಲಂಡನ್
೧೪-೧೧-೧೯೯೭

ತಂಗಿ ಸುಶೀಲಾಗೆ ಅಕ್ಕನ ಆಶೀರ್ವಾದ.

ಮೊಮ್ಮಗಳು ಮಾಳವಿಕಾಳ ಶಾಲೆಯ ಪ್ರಬಂಧಕ್ಕೆಂದು ಹೋದ ವಾರ ಮ್ಯೂಸಿಯಮ್ಮಿಗೆ ಹೋಗಿದ್ದೆವು. ಅಲ್ಲಿ ಆಳೆತ್ತರದ ಚಿತ್ರದಲ್ಲಿ ಡಚ್ ಕಪ್ತಾನನೊಬ್ಬ ಲೇಸಿನ ಕಾಲರ್ ತೊಟ್ಟು ಮದುಮಗನಂತೆ ನಿಂತಿದ್ದ. ಕೆಳಗೆ ‘ಅನ್ವೇಷಕ’ ಎಂದಿತ್ತು. ಅವನು ಹೊಸ ದ್ವೀಪಗಳ ನಕ್ಷೆ ಬರೆದನಂತೆ. ದಾರಿಯಲ್ಲಿ ನಮ್ಮ ಕಾರವಾರದ ಕಡೆಯ ಮೆಣಸಿನ ಹಡಗನ್ನು ದೋಚಿ, ಅದರಲ್ಲಿದ್ದವರನ್ನು ಸಮುದ್ರಕ್ಕೆ ತಳ್ಳಿದನಂತೆ. ಹುಡುಗಿಯೇ ಓದಿ ಹೇಳಿದಳು.

“ಹಂಗಾರ ಇಂವಾ ಕಳ್ಳ ಇದ್ದಾನ ನೋಡವಾ” ಎಂದೆ. ಅವಳು ಹಾಗೆಯೇ ಬರೆದಳು.

ಟೀಚರ್ ಆ ಮಾತನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಕಪ್ತಾನನಿಗೆ ಹಡಗು ದೋಚಲು ಅವನ ಸರ್ಕಾರದ ಪರವಾನಗಿ ಇತ್ತಂತೆ, ಆದ್ದರಿಂದ ಕಳ್ಳನಲ್ಲವಂತೆ! ಹುಡುಗಿ ಅತ್ತಳು. ನನ್ನ ಡಾಕ್ಟರ್ ಮಗ, “ಟೀಚರ್ ಹೇಳಿದಂಗ ಬರಿ, ಸುಮ್ನ ಮಾರ್ಕ್ಸ್ ಹೋಗ್ತಾವ” ಎಂದ. ಅವಳು ‘ಅನ್ವೇಷಕ’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಹಡಗಿನ ಸುತ್ತ ನೀರಿನಲ್ಲಿ ಕೈಯೆತ್ತಿ ಕೂಗುವ ಹನ್ನೊಂದು ಜನರ ಚಿತ್ರ ಬಿಡಿಸಿದಳು.

ನನ್ನ ಮೊಣಕಾಲು ನೋವು ಕಡಿಮೆಯಾಗಿದೆ, ಚಳಿ ಮಾತ್ರ ತಡೆಯಲಾಗದು.

ನಿನ್ನೆ ಆ ಚಿತ್ರವನ್ನು ತರಗತಿಯ ಗೋಡೆಗೆ ಅಂಟಿಸಿದ್ದಾರೆ. ಜನ ಎಷ್ಟು ಖುಷಿಯಿಂದ ಈಜುತ್ತಿದ್ದಾರೆ ಎಂದು ಟೀಚರ್ ಬಹಳ ಮೆಚ್ಚಿಕೊಂಡರಂತೆ.

ಕಾರ್ಡು ತುಂಬಿತು.
ಗೋದಕ್ಕ