ಎರಡನೇ ಸಲ ಬಡಿಸಿದ ಕೇಸರಿಬಾತು

ಸಿಂಧಘಟ್ಟ

ಡಾಕ್ಟರಮ್ಮನವರಿಗೆ ಪುಟ್ಟಲಕ್ಷ್ಮಿಯ ನಮಸ್ಕಾರ.

ನಾಳೆಯಿಂದ ನಾನು ನಿಮ್ಮ ವಾಕಿಂಗ್ ಗುಂಪಿಗೆ ಬರುವುದಿಲ್ಲ. ಸೋಮಾರಿತನವಲ್ಲ. ಸಕ್ಕರೆ ಕಾಯಿಲೆ ಇನ್ನೂ ಹೊಸ್ತಿಲಲ್ಲಿದೆ, ಬೆವರುವಂತೆ ನಡೆದರೆ ಒಳಗೆ ಬರುವುದಿಲ್ಲ ಎಂದಿರಿ, ನಡೆದೆ. ಸೊಂಟ ಇಳಿಯಿತು, ರಕ್ತದಲ್ಲಿನ ಉರಿಯೂತವೂ ತಗ್ಗಿದೆ ಎಂದು ಬೆನ್ನು ತಟ್ಟಿದಿರಿ. ನಮ್ಮ ಕಡೆ ಹೆಂಗಸು ತೆಳ್ಳಗಾದರೆ ಯಾರೂ ಬೆನ್ನು ತಟ್ಟುವುದಿಲ್ಲ.

ಭಾನುವಾರ ಮಗಳು ಸುಚಿತ್ರಳನ್ನು ನೋಡಲು ಹೊಣಕೆರೆಯವರು ಬಂದಿದ್ದರು. ಹುಡುಗನ ತಾಯಿ ನನ್ನ ಸಡಿಲ ಬಳೆ ನೋಡಿ, "ಯಾಕವ್ವ ಇಂಗೆ ಸೊರಗೋಗಿದ್ದೀಯೆ? ಸಕ್ಕರೆ ಕಾಯ್ಲೆ ಏನಾರ ಐತಾ? ತಾಯಿಗಿದ್ರೆ ಮಕ್ಳಿಗೂ ಬತ್ತದಂತೆ" ಅಂದರು. ನಮ್ಮತ್ತೆ ನನ್ನ ತಟ್ಟೆಗೆ ಎರಡನೇ ಸಲ ಕೇಸರಿಬಾತು ಬಡಿಸಿ, "ತಿನ್ನವ್ವ" ಅಂದರು. ಎಲ್ಲರೂ ನೋಡುತ್ತಿದ್ದಂತೆ ತಿಂದೆ. ಸಂಬಂಧ ಕುದುರಿತು.

ಮದುವೆಯೊಳಗೆ ನಾನು ಮೈ ತುಂಬಿಕೊಳ್ಳಬೇಕೆಂದು ಅತ್ತೆಯ ಕಟ್ಟಪ್ಪಣೆ. ದಯವಿಟ್ಟು ನರ್ಸಮ್ಮನನ್ನು ಮನೆಗೆ ಕಳಿಸಬೇಡಿ. ಫೋನೂ ಬೇಡ, ಅದು ಅತ್ತೆಯ ಹತ್ತಿರವೇ ಇರುತ್ತದೆ.

ಇನ್ನೊಂದು ಮಾತು. ಮೊದಲ ದಿನ ನನ್ನ ಕತ್ತಿನ ಹಿಂದೆ ಕಪ್ಪುಗಟ್ಟಿದ್ದನ್ನು ನೋಡಿ, ಇದು ಕೊಳೆಯಲ್ಲ, ಸಕ್ಕರೆಯ ಮುನ್ಸೂಚನೆ ಅಂದಿರಲ್ಲ. ಇವತ್ತು ಜಡೆ ಹಾಕುವಾಗ ಸುಚಿತ್ರಳ ಕತ್ತಿನಲ್ಲೂ ಅದು ಕಂಡಿತು. ಗೊತ್ತಿದ್ದೂ ಸೀಗೆಪುಡಿ ಹಾಕಿ ಉಜ್ಜಿದೆ. "ನೋಯ್ತದೆ ಕಣವ್ವ" ಅಂದಳು.

ಹೊಣಕೆರೆಯಲ್ಲಿ ಅವಳನ್ನು ನಡೆಯಲು ಬಿಡುತ್ತಾರೋ ಇಲ್ಲವೋ. ಮದುವೆಗೆ ಮೊದಲು ಒಂದು ಸಲ ನೋಡುತ್ತೀರಾ? ಮನೆಯಲ್ಲಿ ಹಲ್ಲುನೋವು ಅಂತ ಹೇಳಿ ಕರೆತರುತ್ತೇನೆ. ನೀವು ಕತ್ತು ನೋಡಿ.

ಇಂತಿ,
ಪುಟ್ಟಲಕ್ಷ್ಮಿ