ಮಾತು ಮರಳಿಸುವ ರೂಢಿ

ರಾಯಚೂರು
ಕ್ರಿ.ಶ. ೨೧೯೧, ಫೆಬ್ರವರಿ ಮೂವತ್ತು

ನನಗಿಂತ ನೂರರವತ್ತು ವರ್ಷ ಹಿಂದೆ ಬದುಕುತ್ತಿರುವ ಹಿರಿಯರಿಗೆ ಅಂಬವ್ವನ ಶರಣು.

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಪಂಚಾಂಗ ತಿದ್ದಿ ಫೆಬ್ರವರಿಗೆ ಎರಡು ದಿನ ಕೂಡಿಸಿದ್ದಾರೆ. ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮೆಯಿರಲಿ.

ನಾನು ಗಾಳಿಗಿತ್ತಿ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಯಾರೂ ಮನೆಯಲ್ಲಿರುವುದಿಲ್ಲ. ಹನ್ನೊಂದು ಗಂಟೆಗೆಲ್ಲ ಓಣಿಯವರು ಬುತ್ತಿ, ಚಾಪೆ, ಕೈಕೆಲಸ ಹಿಡಿದು ನೆಲದಡಿಯ ನೆರಳುಮನೆಗೆ ಇಳಿಯುತ್ತಾರೆ. ಶಾಲೆ, ಕಚೇರಿ, ಹರಟೆ, ನಿದ್ದೆ ಎಲ್ಲವೂ ಅಲ್ಲೇ. ಐದಕ್ಕೆ ಮೇಲೇರುತ್ತಾರೆ. ಆ ಮನೆಗೆ ನಾಲ್ಕೂ ದಿಕ್ಕಿನಿಂದ ಗಾಳಿ ತರುವ ಕಿಂಡಿಗಳಿವೆ. ಬಿಸಿಲಿಗೆ ಯಂತ್ರಗಳು ಕೈಕೊಡುವುದರಿಂದ, ಗೋಪುರದ ಮೇಲಿನ ಕಾವಲುಗಾರ ಕೊಳವೆಯಲ್ಲಿ ಕೂಗಿ ಹೇಳುತ್ತಾನೆ. ಗಾಳಿಗಿತ್ತಿ ಕಿಂಡಿಗಳನ್ನು ಕೈಯಿಂದಲೇ ತೆರೆದು ಮುಚ್ಚುತ್ತಾಳೆ.

ಇಪ್ಪತ್ತಾರರ ವಯಸ್ಸಿನಲ್ಲಿ ನನ್ನಷ್ಟು ಚುರುಕಿನವರಿಲ್ಲ ಎಂಬ ಹೆಮ್ಮೆ ನನಗಿತ್ತು. ಮಾತು ಅರ್ಧವಾಗುವಷ್ಟರಲ್ಲಿ ನನ್ನ ಕೈ ಹಿಡಿಕೆಯ ಮೇಲಿರುತ್ತಿತ್ತು. ಒಂದು ಮಧ್ಯಾಹ್ನ ಪಡುವಣ ಕಿಂಡಿಯನ್ನು ತೆಗೆಯಬೇಡವೆಂದು ಮೇಲಿನಿಂದ ಕೂಗುತ್ತಿದ್ದರು. ಪಡುವಣ ಎಂಬಷ್ಟನ್ನು ಮಾತ್ರ ಕೇಳಿ ನಾನು ತೆರೆದುಬಿಟ್ಟೆ. ಕೆಂಡದಂಥ ಧೂಳು ನುಗ್ಗಿತು. ಕುಂಬಾರ ಸಾಬಣ್ಣ ಆ ಕಿಂಡಿಯ ಕೆಳಗೇ ಮಲಗಿದ್ದರು. ಅವರ ಜೀವ ಉಳಿಯಿತು, ಒಂದು ಕಣ್ಣು ಉಳಿಯಲಿಲ್ಲ.

ಮರುದಿನ ಕೆಲಸ ಬಿಡುತ್ತೇನೆಂದು ನೆರಳುಮನೆಯ ಹಿರಿಯ ಗಾಳಿಗಿತ್ತಿ ಹುಸೇನಬೀ ಅವರ ಮುಂದೆ ನಿಂತೆ. ಅವರು ಬೈಯಲಿಲ್ಲ. ಕೂರಿಸಿ, ಕುಡಿಯಲು ನೀರು ಕೊಟ್ಟರು.

"ನೀ ಬಿಟ್ಟು ಹೋದ್ರ ಸಾಬಣ್ಣನ ಕಣ್ಣು ಬರಂಗಿಲ್ಲವ್ವ. ನಾಳಿಂದ ಯಾರು ಏನಂದ್ರೂ ಅವರ ಮಾತು ಅವರಿಗೇ ತಿರುಗಿ ಹೇಳು. ಹೌದು ಅಂದಮ್ಯಾಲೆ ಕೈ ಆಡಸು. ದಿನಾ ಮಲಗೂಕಿಂತ ಮುಂಚೆ, ಇವತ್ತು ಎಲ್ಲಿ ಅವಸರ ಮಾಡಿದೆ ಅಂತ ಒಂದೇ ಒಂದು ಸಾಲು ಬರಿ."

ಅಷ್ಟೇ ಅವರು ಕೊಟ್ಟ ಶಿಕ್ಷೆ. ಜೊತೆಯವರು ನನ್ನನ್ನು ಗಿಣಿ ಎಂದು ಕರೆದು ನಕ್ಕರು. ನಾನು ಬಿಡಲಿಲ್ಲ. ತಿಂಗಳ ಕೊನೆಗೆ ಬರೆದದ್ದನ್ನು ಓದಿದರೆ, ಅವಸರದ ಸಾಲುಗಳಲ್ಲಿ ಹೆಚ್ಚಿನವು ಮನೆಯವೇ ಆಗಿದ್ದವು. ಹೀಗೆ ರೂಢಿ ಮನೆಯೊಳಗೂ ಬಂತು. ನನ್ನ ಗಂಡ ಮಾರ್ತಂಡಪ್ಪ ಬಿಸಿಲುಪರದೆ ನೇಯುತ್ತಿದ್ದರು. ಒಂದು ಸಂಜೆ ಅವರು ಏನೋ ಗೊಣಗಿದಾಗ, ಮಗ್ಗ ಸಾಕಾಗಿದೆ ಎನ್ನುತ್ತೀರೇನು ಎಂದು ಅವರ ಮಾತನ್ನೇ ಮರಳಿ ಕೇಳಿದೆ. ಅವರು ಲಾಳಿ ಕೆಳಗಿಟ್ಟು ನನ್ನತ್ತ ತಿರುಗಿದರು.

"ಎರಡು ವರ್ಷದಿಂದ ಹೇಳಾಕತ್ತೀನಿ. ಇವತ್ತು ಕೇಳಿಸ್ತು ನಿನಗ."

ಆ ರಾತ್ರಿ ನನ್ನ ಸಾಲು ಉದ್ದವಾಯಿತು. ಈಗ ಅವರು ನೆರಳುಮನೆಯ ಮಕ್ಕಳಿಗೆ ಲೆಕ್ಕ ಕಲಿಸುತ್ತಾರೆ. ಮನೆಯಲ್ಲಿ ಹಾಡಿಕೊಳ್ಳುತ್ತಲೂ ಇರುತ್ತಾರೆ.

ಹನ್ನೊಂದು ವರ್ಷದ ಮೇಲೆ, ಒಂದು ಮೇ ತಿಂಗಳಲ್ಲಿ ದೊಡ್ಡ ಧೂಳುಗಾಳಿ ಎದ್ದಿತು. ಕೆಳಗೆ ಆರು ನೂರು ಜನರಿದ್ದರು, ಕಿಂಡಿಗಳೆಲ್ಲ ಅರ್ಧ ತೆರೆದಿದ್ದವು. ಕಾವಲಿನ ಭೀಮರಾಯ ನಸುಕಿನಿಂದ ಗೋಪುರದ ಮೇಲೆಯೇ ನಿಂತು ಬಳಲಿದ್ದ. ಮೂಡಣ ಮುಚ್ಚು, ಪಡುವಣ ತೆಗಿ ಎಂದು ಅವನು ಕೂಗಿದ. ಈ ಸಲ ನಾನು ಪೂರ್ತಿ ಕೇಳಿದ್ದೆ. ಆದರೂ ಮರಳಿಸಿದೆ.

"ಮೂಡಣ ಮುಚ್ತೀನಿ, ಪಡುವಣ ತೆಗೀತೀನಿ. ಹೌದೇನಪ್ಪ?"

ಕೊಳವೆಯಲ್ಲಿ ಅವನ ದನಿ ಮರಳಿ ಬಂತು.

"ಅಲ್ಲಕ್ಕ. ಉಲ್ಟಾ ಹೇಳ್ದೆ. ಪಡುವಣ ಮುಚ್ಚು."

ಮುಚ್ಚಿದೆ. ಮರುಗಳಿಗೆಯೇ ಗಾಳಿ ಆ ಕಿಂಡಿಯ ಕದಕ್ಕೆ ಬಡಿದು ಗೋಡೆ ನಡುಗಿತು. ಒಳಗೆ ಮಕ್ಕಳು ಮಗ್ಗಿ ಹೇಳುವುದನ್ನು ನಿಲ್ಲಿಸಲಿಲ್ಲ. ತಪ್ಪು ಕೇಳಿಸಿಕೊಳ್ಳುವವರಿದ್ದಂತೆ ತಪ್ಪು ಹೇಳುವವರೂ ಇರುತ್ತಾರೆ, ಇಬ್ಬರನ್ನೂ ಕಾಯುವುದು ಒಂದೇ ರೂಢಿ ಎಂದು ನನಗೆ ಅಂದು ತಿಳಿಯಿತು. ಸಂಜೆ ಭೀಮರಾಯ ಕೆಳಗಿಳಿದು ನನ್ನ ಪಕ್ಕ ಕೂತ. ನೀರು ಕುಡಿದ ಮೇಲೆ, ತಾನೂ ಒಂದು ಸಾಲು ಬರೆಯಬೇಕು ಎಂದ.

ಈಗ ನನ್ನ ಕೈಕೆಳಗೆ ಹದಿನೆಂಟು ಜನ ಕಲಿಯುತ್ತಿದ್ದಾರೆ. ನಿಮ್ಮ ಕಾಲದ ಮಾತುಕತೆಗಳ ಧ್ವನಿಮುದ್ರಣಗಳು ನಮ್ಮ ಭಂಡಾರದಲ್ಲಿವೆ, ಅವರಿಗೂ ಕೇಳಿಸುತ್ತೇನೆ. ನೀವು ಬುದ್ಧಿವಂತರು, ನಗುವವರು, ಆದರೆ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರುಮಾಡುತ್ತೀರಿ. ನಿಮ್ಮಿಂದ ದೊಡ್ಡ ವ್ರತವನ್ನು ನಾನು ಬೇಡುವುದಿಲ್ಲ. ಇಂದು ಊಟಕ್ಕೆ ಕೂತಾಗ ಪಕ್ಕದವರು ಏನಾದರೂ ಹೇಳಿಯೇ ಹೇಳುತ್ತಾರೆ. ಉತ್ತರ ಕೊಡುವ ಮೊದಲು ಅವರ ಮಾತನ್ನು ಅವರಿಗೇ ಮರಳಿಸಿ. "ಹೌದು, ಅದೇ" ಎನ್ನುವ ತನಕ ಕಾಯಿರಿ.